ಹಿತ್ತಲಲ್ಲಿ ಹತ್ತು ಕೋಳಿ: ಗೂಡು, ಕಾವು, ಕಾಯಿಲೆ ಮತ್ತು ದಿನಾ ಆಗುವ ಎಡವಟ್ಟುಗಳು

ಸಂಜೆ ಆರೂವರೆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪುವುದಿಲ್ಲ. ಗೂಡಿನ ಬಾಗಿಲಲ್ಲಿ ನಿಂತು ಕೋಳಿ ಎಣಿಸುವುದು. ಈಗ ಹದಿನಾಲ್ಕು ಇವೆ. ಹದಿನಾಲ್ಕೂ ಒಳಗೆ ಬಂದಿದ್ದರೆ ಚಿಲಕ ಹಾಕುತ್ತೇವೆ. ಒಂದು ಕಮ್ಮಿ ಬಂದರೂ ಟಾರ್ಚ್ ಹಿಡಿದು ತೋಟಕ್ಕೆ ಹೊರಡುತ್ತೇವೆ. ತಿಪಟೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಒಂಬತ್ತು ವರ್ಷದಿಂದ ಇದು ನಡೆದಿದೆ. ಇಷ್ಟು ವರ್ಷದಲ್ಲಿ ಕಳೆದುಕೊಂಡ ಕೋಳಿಗಳನ್ನು ನೆನೆಸಿಕೊಂಡರೆ, ಹೆಚ್ಚಿನವು ನಾವು ಎಣಿಸದ ದಿನ, ಸರಿಯಾಗಿ ನೋಡದ ದಿನ ಹೋದವು. ಕೋಳಿ ಸಾಕಲು ದುಡ್ಡು ಜಾಸ್ತಿ ಬೇಡ, ಜಾಗವೂ ಜಾಸ್ತಿ ಬೇಡ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ನಿಂತು ನೋಡುವ ಅಭ್ಯಾಸ ಬೇಕು. ಅದು ಇರುವವರಿಗೆ ಉಳಿದದ್ದನ್ನೆಲ್ಲ ಇಲ್ಲಿ ಹೇಳುತ್ತೇನೆ.

ಮೊದಲು ಗೂಡು, ಆಮೇಲೆ ಕೋಳಿ

ಹೊಸಬರು ಮೊದಲು ಕೇಳುವುದು "ಯಾವ ತಳಿ ತರಲಿ?" ಅಂತ. ಕೋಳಿ ತಂದು ಜಗಲಿ ಮೇಲೆ ಕಟ್ಟಿ ಹಾಕಿ, ಆಮೇಲೆ ಗೂಡು ಕಟ್ಟಲು ಹೊರಟರೆ ಮೂರನೇ ರಾತ್ರಿಗೆ ಕೋಳಿ ಇರುವುದಿಲ್ಲ. ಗೂಡು ಮುಗಿಯುವವರೆಗೆ ಕೋಳಿ ತರಬೇಡಿ.

ಹತ್ತು ಕೋಳಿಗೆ ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಗೂಡು ಸಾಕು. ತಲೆಗೆ ಎರಡು ಚದರ ಅಡಿ ಅಂತ ಲೆಕ್ಕ. ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ರಾತ್ರಿ ಇಷ್ಟು ಜಾಗ ಧಾರಾಳ. ಗೂಡಿನ ತಳ ನೆಲದಿಂದ ಎರಡು ಅಡಿಯಾದರೂ ಮೇಲಿರಲಿ. ಮಳೆ ನೀರು ನುಗ್ಗುವುದಿಲ್ಲ, ಹೆಗ್ಗಣ ಬಿಲ ತೋಡಿ ಒಳಗೆ ಬರುವುದಿಲ್ಲ. ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿರಲಿ. ಆಗ ಬೆಳಗಿನ, ಸಂಜೆಯ ಇಳಿಬಿಸಿಲು ನೇರ ಒಳಗೆ ಬಡಿಯುವುದು ಕಮ್ಮಿ. ಗೋಡೆಯ ಮೇಲರ್ಧ ಗಾಳಿಯಾಡಲಿ.

ಆ ಮೇಲರ್ಧಕ್ಕೆ ಹಾಕುವ ಜಾಲರಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ನಾಯಿ ಹಲ್ಲಿನಿಂದ ಹರಿದು ಹಾಕುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ತನ್ನಿ. ಹಾವು, ಇಲಿ, ಮುಂಗುಸಿ ಯಾವುದೂ ನುಸುಳುವುದಿಲ್ಲ. ಬಾಗಿಲಿಗೆ ಎರಡು ಚಿಲಕ ಇರಲಿ, ಒಂದು ಮೇಲೆ, ಒಂದು ಕೆಳಗೆ. ಒಂದೇ ಚಿಲಕ ಇದ್ದರೆ ನುಗ್ಗುವ ಪ್ರಾಣಿಗಳು ಕೆಳಗಿನ ಮೂಲೆಯನ್ನು ತಳ್ಳಿ ಸಂದಿ ಮಾಡಿಕೊಳ್ಳುತ್ತವೆ.

ಒಳಗೆ ಕೂರಲು ಎರಡು ಇಂಚು ದಪ್ಪದ ಕೋಲು ಅಡ್ಡ ಕಟ್ಟಿ. ಗೂಡಿನ ತಳದಿಂದ ಎರಡು ಅಡಿ ಎತ್ತರ, ಒಂದೊಂದು ಕೋಳಿಗೆ ಎಂಟು ಇಂಚು ಜಾಗ. ತಳದ ಮೇಲೆ ಮೂರು ಇಂಚು ಭತ್ತದ ಹೊಟ್ಟು ಅಥವಾ ಒಣಗಿದ ತೆಂಗಿನ ನಾರಿನ ಪುಡಿ ಹಾಸಿ. ನಮ್ಮ ಕಡೆ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ, ಹಿಕ್ಕೆಯ ತೇವವನ್ನೂ ಚೆನ್ನಾಗಿ ಹೀರುತ್ತದೆ. ವಾರಕ್ಕೊಮ್ಮೆ ಕೆದಕಿ ಬಿಡಿ. ಒಳಗೆ ತಲೆ ಹಾಕಿದಾಗ ಮೂಗಿಗೆ ಘಾಟು ಹೊಡೆದರೆ ಹಾಸು ಬದಲಿಸುವ ಹೊತ್ತಾಗಿದೆ ಅಂತ ಅರ್ಥ. ತೆಗೆದದ್ದನ್ನು ತಿಪ್ಪೆಗೆ ಹಾಕಿ ಕೊಳೆಸಿ. ಹಸಿ ಹಿಕ್ಕೆಯನ್ನು ನೇರ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಟ್ಟು ಹೋಗುತ್ತದೆ.

ಮೊಟ್ಟೆ ಇಡಲು ಮೂರು ನಾಲ್ಕು ಕೋಳಿಗೆ ಒಂದರಂತೆ ಬುಟ್ಟಿ ಸಾಕು. ಮಂದ ಬೆಳಕಿನ ಮೂಲೆಯಲ್ಲಿ, ಕೂರುವ ಕೋಲಿಗಿಂತ ಕೆಳಗೆ ಇಡಿ. ಮೇಲಿಟ್ಟರೆ ರಾತ್ರಿ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ.

ಯಾವ ಕೋಳಿ, ಎಷ್ಟು

ಎಂಟು ಹತ್ತು ಹೇಂಟೆಗೆ ಒಂದು ಹುಂಜ. ನಮ್ಮ ಕಡೆ ಹೇಂಟೆಯನ್ನು ಯಾಟೆ ಅಂತೀವಿ. ಎರಡನೇ ಹುಂಜ ಇದ್ದರೆ ದಿನಾ ಕಾದಾಟ, ಹೇಂಟೆಗಳ ಬೆನ್ನ ಮೇಲೆ ಪುಕ್ಕವೇ ಉಳಿಯುವುದಿಲ್ಲ. ಬರೀ ಮೊಟ್ಟೆ ಸಾಕು, ಮರಿ ಬೇಡ ಅನ್ನುವವರಿಗೆ ಹುಂಜವೇ ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಊರೊಳಗೆ ಮನೆ ಇರುವವರು, ಪಕ್ಕದ ಮನೆಗೆ ನಸುಕಿನ ನಾಲ್ಕು ಗಂಟೆಯ ಕೂಗು ಕೇಳುವವರು ಹಾಗೆ ಮಾಡುವುದೇ ಒಳ್ಳೆಯದು.

ಅಪ್ಪಟ ನಾಟಿ ಕೋಳಿ ಮೊಟ್ಟೆ ಕಮ್ಮಿ ಇಡುತ್ತದೆ. ಹದಿನೈದು ಇಪ್ಪತ್ತು ಇಟ್ಟು ಕಾವಿಗೆ ಕೂರುತ್ತದೆ, ಮರಿ ದೊಡ್ಡದು ಮಾಡಿ ಮತ್ತೆ ಶುರು ಮಾಡುತ್ತದೆ. ವರ್ಷಕ್ಕೆ ಐವತ್ತು ಅರವತ್ತು ಸಿಕ್ಕರೆ ಹೆಚ್ಚು. ಆದರೆ ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತದೆ, ಹದ್ದು ಕಂಡರೆ ಓಡಿ ಅಡಗುತ್ತದೆ, ಮರಿಗಳನ್ನು ಜೀವ ಕೊಟ್ಟು ಕಾಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಗಿರಿರಾಜ, ಆಮೇಲೆ ಪಶು ವಿಶ್ವವಿದ್ಯಾಲಯದಿಂದ ಬಂದ ಸ್ವರ್ಣಧಾರ ಹಿತ್ತಲಿಗೆಂದೇ ಮಾಡಿದ ತಳಿಗಳು. ಮೊಟ್ಟೆ ನಾಟಿಯ ಎರಡರಷ್ಟಕ್ಕೂ ಜಾಸ್ತಿ, ಬೆಳವಣಿಗೆಯೂ ಬೇಗ. ಆದರೆ ಗಿರಿರಾಜ ಕಾವಿಗೆ ಕೂರುವುದು ಅಪರೂಪ. ಮೈ ಭಾರ, ಹಾರಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ. ಗಿರಿರಾಜದ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸುತ್ತೇವೆ. ತಾಯಿಗೆ ಮರಿ ತನ್ನದಾ ಬೇರೆಯದಾ ಅನ್ನುವ ಭೇದವಿಲ್ಲ. ಮೊದಲ ಸಲ ಸಾಕುವವರು ಆರು ನಾಟಿ ಹೇಂಟೆ, ಒಂದು ಹುಂಜದಿಂದ ಶುರು ಮಾಡಿ ಅಂತ ನನ್ನ ಸಲಹೆ.

ಹೊಸ ಕೋಳಿ ಬಂದರೆ ಬೇರೆ ಇಡಿ

ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರನೇ ವರ್ಷ, ಯುಗಾದಿ ಕಳೆದು ಹತ್ತು ದಿನ. ಸಂತೆಯಲ್ಲಿ ಒಂದು ಚೆಂದದ ಕೆಂಪು ಹೇಂಟೆ ಕಂಡಿತು. ಕಾಲು ಕಟ್ಟಿ ಬೈಕಿನಲ್ಲಿ ತಂದು ಸಂಜೆಯೇ ಉಳಿದವುಗಳ ಜೊತೆ ಗೂಡಿಗೆ ಬಿಟ್ಟೆ. ನಾಲ್ಕನೇ ದಿನ ಅದು ಕಣ್ಣು ಮುಚ್ಚಿ, ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಹಿಕ್ಕೆ ಹಸಿರು ಬಿಳಿ ಬಣ್ಣದ ನೀರು. ಸುಸ್ತಾಗಿರಬೇಕು ಅಂದುಕೊಂಡೆ. ಮಾರನೇ ದಿನ ಸತ್ತಿತ್ತು. ಅದಾದ ಮೇಲೆ ಒಂದೊಂದೇ ಕೋಳಿ ಬಾಯಿ ತೆರೆದು ಉಸಿರಿಗೆ ಎಳೆಯಲು ಶುರು ಮಾಡಿದವು. ಒಂದರ ಕತ್ತು ಪೂರ್ತಿ ತಿರುಚಿ, ಮುಖ ಆಕಾಶ ನೋಡುತ್ತಿತ್ತು. ಕಾಳು ಕಾಣುತ್ತದೆ, ಕುಕ್ಕಲು ಹೋದರೆ ಕೊಕ್ಕು ಪಕ್ಕಕ್ಕೆ ಬೀಳುತ್ತದೆ. ಹತ್ತು ದಿನದಲ್ಲಿ ಇಪ್ಪತ್ಮೂರರಲ್ಲಿ ಹದಿನೇಳು ಹೋದವು.

ಅದು ಕೊಕ್ಕರೆ ರೋಗ. ರಾಣಿಖೇತ್ ಅಂತಲೂ ಕರೆಯುತ್ತಾರೆ. ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ವೈರಸ್‌ನಿಂದ ಬರುವ ಕಾಯಿಲೆ, ಬಂದ ಮೇಲೆ ಔಷಧಿ ಇಲ್ಲ. ಬೆಳ್ಳುಳ್ಳಿ, ಮೆಣಸು, ಹೆಂಡ ಕುಡಿಸಿ ಅಂತ ಹತ್ತು ಜನ ಹತ್ತು ಹೇಳಿದರು. ಯಾವುದೂ ಕೆಲಸ ಮಾಡಲಿಲ್ಲ.

ಈಗ ನಮ್ಮಲ್ಲಿ ನಿಯಮ ಹೀಗಿದೆ. ಹೊರಗಿನಿಂದ ಬಂದ ಕೋಳಿ ಮೂರು ವಾರ ಬೇರೆ ಗೂಡಿನಲ್ಲಿ, ಮನೆಯ ಇನ್ನೊಂದು ಬದಿಯಲ್ಲಿ. ಅದರ ನೀರಿನ ಬಟ್ಟಲು ಬೇರೆ, ಮೇವಿನ ತಟ್ಟೆ ಬೇರೆ. ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸದರ ಕೆಲಸ ಮಾಡಿ, ಕೈಕಾಲು ತೊಳೆಯುತ್ತೇವೆ. ಜಾತ್ರೆ, ಹಬ್ಬದ ಸಮಯದಲ್ಲಿ ಸಂತೆಯಿಂದ ಕೋಳಿ ತರುವುದೇ ಇಲ್ಲ. ಆಗ ನಾಲ್ಕೂರಿನ ಕೋಳಿ ಒಂದೇ ಬುಟ್ಟಿಯಲ್ಲಿ ಕೂತಿರುತ್ತದೆ. ಸಂತೆಗೆ ಮಾರಲು ಒಯ್ದು ವಾಪಸ್ ತಂದ ನಮ್ಮದೇ ಕೋಳಿಗೂ ಇದೇ ನಿಯಮ.

ಸತ್ತ ಕೋಳಿಯನ್ನು ಬೇಲಿ ಆಚೆ ಎಸೆಯಬೇಡಿ. ಮೂರಡಿ ಗುಂಡಿ ತೆಗೆದು, ಸುಣ್ಣ ಸುರಿದು ಹೂಳಿ. ನಾಯಿ ಕಚ್ಚಿಕೊಂಡು ಹೋದರೆ ಬೀದಿಗೆಲ್ಲ ರೋಗ ಹಂಚಿದಂತೆ. ಒಟ್ಟೊಟ್ಟಿಗೆ ಕೋಳಿಗಳು ಸಾಯತೊಡಗಿದರೆ ಯಾವ ರೋಗ ಅಂತ ನೀವೇ ತೀರ್ಮಾನ ಮಾಡಬೇಡಿ. ಹಕ್ಕಿಜ್ವರವೂ ಇರಬಹುದು. ದನದ ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ತಿನ್ನಲೇಬೇಡಿ.

ಲಸಿಕೆ: ಬೀದಿಯವರೆಲ್ಲ ಸೇರಿದರೆ ಸುಲಭ

ಕೊಕ್ಕರೆ ರೋಗಕ್ಕೆ ಲಸಿಕೆ ಒಂದೇ ದಾರಿ. ಮರಿಗೆ ಐದರಿಂದ ಏಳು ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ವಾರಕ್ಕೆ ಗುಂಬೋರೋ ರೋಗದ (ಮರಿಗಳ ರೋಗ ತಡೆಯುವ ಶಕ್ತಿ ಕೆಡಿಸುವ ವೈರಸ್ ಕಾಯಿಲೆ) ಲಸಿಕೆ. ನಾಲ್ಕು ವಾರದ ಹೊತ್ತಿಗೆ ಕೊಕ್ಕರೆ ರೋಗದ್ದೇ ಇನ್ನೊಮ್ಮೆ ಹನಿ. ಆರು ವಾರಕ್ಕೆ ರೆಕ್ಕೆಯ ತೆಳು ಚರ್ಮಕ್ಕೆ ಸಿಡುಬಿನ ಲಸಿಕೆ. ಎಂಟು ವಾರಕ್ಕೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಅನ್ನುವ ಚುಚ್ಚುಮದ್ದು. ಅದಾದ ಮೇಲೆ ಮುಂದಿನ ಸಲ ಯಾವಾಗ ಅಂತ ಡಾಕ್ಟರ ಹತ್ತಿರ ಕ್ಯಾಲೆಂಡರಿನಲ್ಲೇ ಬರೆಸಿಕೊಳ್ಳಿ.

ಎಲ್ಲರೂ ಹಿಂಜರಿಯುವುದು ಒಂದೇ ಕಾರಣಕ್ಕೆ. ಲಸಿಕೆ ಸಾಮಾನ್ಯವಾಗಿ ನೂರು, ಇನ್ನೂರು ಕೋಳಿಗೆ ಆಗುವಷ್ಟು ದೊಡ್ಡ ಬಾಟಲಿಯಲ್ಲಿ ಬರುತ್ತದೆ. ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ಐಸ್ ಮೇಲೆ ಇರಬೇಕು. ಹತ್ತು ಕೋಳಿಗೆ ಒಂದು ಬಾಟಲಿ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಾವು ಮಾಡುವುದು ಹೀಗೆ. ಹಿಂದಿನ ದಿನ ಸಂಜೆ ಬೀದಿಯ ಎಂಟು ಮನೆಗೂ ಹೇಳಿ ಬರುತ್ತೇವೆ, "ನಾಳೆ ಬೆಳಿಗ್ಗೆ ಕೋಳಿ ಬಿಡಬೇಡಿ ಅಕ್ಕಾ, ಲಸಿಕೆ ಹಾಕ್ಸೋಣ." ಗೂಡಿನ ಬಾಗಿಲು ತೆಗೆಯದಿದ್ದರೆ ಕೋಳಿ ಹಿಡಿಯುವ ಕಷ್ಟವೇ ಇಲ್ಲ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಏಳಕ್ಕೆ ನೂರು ಕೋಳಿ ಮುಗಿದಿರುತ್ತದೆ. ಥರ್ಮಾಸಿನಲ್ಲಿ ಐಸ್ ಹಾಕಿ ಬಾಟಲಿ ಇಟ್ಟುಕೊಳ್ಳುವುದು ನನ್ನ ಕೆಲಸ. ಆಗಲೇ ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬೇಡಿ.

ಮೇವು ಮತ್ತು ನೀರು

ದೊಡ್ಡ ಕೋಳಿ ದಿನಕ್ಕೆ ನೂರು, ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಹಿತ್ತಲಲ್ಲಿ ಹುಳು, ಹುಲ್ಲು, ಬೀಜ ಸಿಗುವ ಕಡೆ ಅರ್ಧಕ್ಕೂ ಹೆಚ್ಚು ಅದೇ ಹುಡುಕಿಕೊಳ್ಳುತ್ತದೆ. ಸಂಜೆ ಗೂಡಿಗೆ ಹೋಗುವ ಮುಂಚೆ ಒಂದೊಂದು ಹಿಡಿ ರಾಗಿ, ನುಚ್ಚು, ಒಡೆದ ಮುಸುಕಿನ ಜೋಳ ಹಾಕಿ. ದಿನಾ ಅದೇ ಹೊತ್ತು, ಅದೇ ಕೂಗು. ನಮ್ಮಮ್ಮ "ಬಾ ಬಾ ಬಾ" ಅಂದರೆ ತೋಟದ ಆ ತುದಿಯಿಂದ ಓಡಿ ಬರುತ್ತವೆ. ಸಂಜೆ ಎಣಿಸುವುದು ಸುಲಭ ಆಗುವುದೇ ಈ ಕಾಳಿನಿಂದ.

ಮೊಟ್ಟೆ ಇಡುವ ಕೋಳಿಗೆ ಸುಣ್ಣದ ಅಂಶ ಬೇಕು. ಅಡುಗೆ ಮನೆಯ ಮೊಟ್ಟೆ ಚಿಪ್ಪನ್ನು ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ ಹಾಕಿ. ಹಾಗೇ ಚಿಪ್ಪಿನ ರೂಪದಲ್ಲಿ ಹಾಕಿದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಕಲಿಯುತ್ತವೆ. ಒಂದು ಕಲಿತರೆ ಗೂಡಿಗೆ ಗೂಡೇ ಕಲಿಯುತ್ತದೆ.

ಮರಿಗಳಿಗೆ ಗೆದ್ದಲಿನಷ್ಟು ಒಳ್ಳೆಯ ಮೇವು ಇನ್ನೊಂದಿಲ್ಲ. ಹಳೇ ಮಡಕೆಯಲ್ಲಿ ಒಣ ಸಗಣಿ, ಹರಿದ ಗೋಣಿ ತುಂಡು, ಜೋಳದ ದಂಟು ತುಂಬಿ, ನೀರು ಚಿಮುಕಿಸಿ, ಹುತ್ತದ ಹತ್ತಿರ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಮಡಕೆ ತುಂಬ ಗೆದ್ದಲು.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಲು ಜೋಳ ಹಾಕಲೇಬೇಡಿ, ಅದರ ವಿಷಕ್ಕೆ ಈಲಿ (ಲಿವರ್) ಕೆಡುತ್ತದೆ. ಉಪ್ಪಿನಕಾಯಿ, ಉಪ್ಪು ಜಾಸ್ತಿ ಇರುವ ತಂಗಳೂ ಬೇಡ. ಇನ್ನೊಂದು ಮುಖ್ಯವಾದ್ದು. ಬಿತ್ತನೆ ಸಮಯದಲ್ಲಿ ಚೀಲದ ತಳದಲ್ಲಿ ಉಳಿದ ಗುಲಾಬಿ ಬಣ್ಣದ ಜೋಳ ಔಷಧಿ ಸವರಿದ ಬೀಜ. ಪಕ್ಕದ ತೋಟದವರು ಚೀಲ ಕೊಡವಿದ ಜಾಗದಲ್ಲಿ ನಮ್ಮ ಎರಡು ಹೇಂಟೆ ಮೇದು, ಮಧ್ಯಾಹ್ನದೊಳಗೆ ಬಿದ್ದುಕೊಂಡವು. ಬಿತ್ತನೆ ವಾರದಲ್ಲಿ, ತೋಟಕ್ಕೆ ಔಷಧಿ ಹೊಡೆದ ದಿನ, ಇಲಿ ಪಾಷಾಣ ಇಟ್ಟ ದಿನ ಕೋಳಿ ಹೊರಗೆ ಬಿಡಬೇಡಿ.

ನೀರು ನೆರಳಿನಲ್ಲಿರಲಿ, ದಿನಾ ಬದಲಾಗಲಿ.

ಬೆಳಿಗ್ಗೆ ಬಾಗಿಲು ತೆಗೆದಾಗ

ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲಿ. ಗಟ್ಟಿಮುಟ್ಟಾದ ಕೋಳಿ ಒಂದನ್ನೊಂದು ತಳ್ಳಿಕೊಂಡು ಹೊರಗೆ ಧುಮುಕುತ್ತದೆ. ಕೊನೆಗೆ ಉಳಿದದ್ದು ಯಾವುದು ಅಂತ ನೋಡಿ. ಅದನ್ನು ಎತ್ತಿ. ಜುಟ್ಟು ಕೆಂಪಗಿದೆಯಾ, ಮಂಕಾಗಿದೆಯಾ? ಕಣ್ಣಿನಲ್ಲಿ ನೊರೆ ಇದೆಯಾ? ಕತ್ತಿನ ಕೆಳಗಿನ ಕಾಳಿನ ಚೀಲ ಬೆಳಿಗ್ಗೆ ಖಾಲಿ ಇರಬೇಕು. ಕಲ್ಲಿನಂತೆ ಗಟ್ಟಿ ಇದ್ದರೆ ತಿಂದದ್ದು ಇಳಿದಿಲ್ಲ. ಪುಕ್ಕ ಬಿಡಿಸಿ ಹಿಂಭಾಗ ನೋಡಿ, ಹೇನು ಇದ್ದರೆ ಅಲ್ಲೇ ಮುತ್ತಿಕೊಂಡಿರುತ್ತದೆ.

ಹೇನಿಗೆ ಕೋಳಿಯದ್ದೇ ಸ್ವಂತ ಔಷಧಿ ಇದೆ, ಧೂಳಿನ ಸ್ನಾನ. ಮಳೆ ಬೀಳದ ಕಡೆ ಒಂದು ಅಗಲದ ಗುಂಡಿ ಮಾಡಿ, ನಯವಾದ ಮಣ್ಣು, ಆರಿದ ಒಲೆ ಬೂದಿ, ಒಣಗಿಸಿ ಪುಡಿ ಮಾಡಿದ ಬೇವಿನ ಸೊಪ್ಪು ಬೆರೆಸಿ ಹಾಕಿ. ಉಳಿದದ್ದನ್ನು ಅವೇ ಮಾಡಿಕೊಳ್ಳುತ್ತವೆ. ಗೂಡಿನ ಸಂದಿಗಳಿಗೆ ವರ್ಷಕ್ಕೆರಡು ಸಲ ಸುಣ್ಣ ಬಳಿಯಿರಿ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಗಂಟು ಗಂಟು ಎದ್ದರೆ ಸಿಡುಬು. ಸೊಳ್ಳೆಯಿಂದ ಹರಡುತ್ತದೆ. ಕೊಬ್ಬರಿ ಎಣ್ಣೆಗೆ ಅರಿಶಿನ, ಬೇವು ಅರೆದು ಹಚ್ಚಿದರೆ ಗಾಯ ಕೀವಾಗುವುದು ತಪ್ಪುತ್ತದೆ. ಮೂರು ನಾಲ್ಕು ವಾರಕ್ಕೆ ಹೊಪ್ಪಳೆ ಉದುರುತ್ತದೆ. ಕಣ್ಣು ಮುಚ್ಚಿ ಹೋದ ಕೋಳಿಗೆ ಅಷ್ಟು ದಿನ ಕೈಯಾರೆ ತಿನ್ನಿಸಿ, ಕುಡಿಸಿ. ಅದು ಸಾಯುವುದು ಸಿಡುಬಿಗಿಂತ ಹೆಚ್ಚಾಗಿ ಹಸಿವಿನಿಂದ.

ಕಾವು

ನನಗೆ ಇಡೀ ಕೋಳಿ ಸಾಕಣೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಹೇಂಟೆ ಮೊಟ್ಟೆ ಇಟ್ಟ ಮೇಲೂ ಬುಟ್ಟಿ ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಪುಕ್ಕ ಉಬ್ಬಿಸಿ "ಕೊರ್‌ರ್" ಅನ್ನುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ. ಹೊಟ್ಟೆಯ ಪುಕ್ಕ ಉದುರಿರುತ್ತದೆ, ಬೆರಳಿಟ್ಟರೆ ಬಿಸಿ ಬಿಸಿ. ಇಷ್ಟು ಕಂಡ ತಕ್ಷಣ ಮೊಟ್ಟೆ ಜೋಡಿಸಬೇಡಿ. ಎರಡು ದಿನ ಒಂದೆರಡು ಮೊಟ್ಟೆಯ ಮೇಲೆ ಬಿಟ್ಟು ನೋಡಿ. ಎರಡು ರಾತ್ರಿಯೂ ಅಲ್ಲೇ ಕೂತಿದ್ದರೆ ಮನಸ್ಸು ಗಟ್ಟಿ ಮಾಡಿದೆ ಅಂತ ಅರ್ಥ.

ಈ ಮಧ್ಯೆ ಮೊಟ್ಟೆ ಆರಿಸಿಕೊಳ್ಳಿ. ಒಂದು ವಾರದೊಳಗಿನವು, ಮಧ್ಯಮ ಗಾತ್ರ, ಬಿರುಕಿಲ್ಲದವು. ಫ್ರಿಜ್ಜಿನಲ್ಲಿಟ್ಟದ್ದು ಬೇಡ, ನೀರಿನಲ್ಲಿ ತೊಳೆದದ್ದೂ ಬೇಡ. ನಾಟಿ ಕೋಳಿಯ ಮೈಗೆ ಹತ್ತು ಹನ್ನೆರಡು ಮೊಟ್ಟೆ ಸರಿ. ಆಸೆಗೆ ಹದಿನೆಂಟು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಮರುದಿನ ಅದು ಅವನ್ನು ಒಳಗೆ ಸರಿಸಿ ಬೇರೆಯದನ್ನು ಅಂಚಿಗೆ ತಳ್ಳುತ್ತದೆ. ಕೊನೆಗೆ ಎಲ್ಲವೂ ಒಂದೊಂದು ದಿನ ತಣ್ಣಗಾಗಿ ಅರ್ಧ ಹಾಳು. ಪ್ರತಿ ಮೊಟ್ಟೆಗೂ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಯಿರಿ. ಬೇರೆ ಹೇಂಟೆಗಳು ಬಂದು ಅದೇ ಬುಟ್ಟಿಯಲ್ಲಿ ಇಟ್ಟು ಹೋದರೆ, ಗೆರೆ ಇಲ್ಲದ್ದನ್ನು ಅವತ್ತೇ ತೆಗೆಯಬಹುದು.

ಅಗಲ ಬುಟ್ಟಿಯ ತಳಕ್ಕೆ ಬೂದಿ, ಮೇಲೆ ಮೆತ್ತಗಿನ ಹುಲ್ಲು, ಹುಲ್ಲಿನ ನಡುವೆ ಲಕ್ಕಿ ಸೊಪ್ಪು. ಹೇನು ಹತ್ತದಿರಲಿ ಅಂತ. ನಮ್ಮಜ್ಜಿ ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಒಂದು ತುಂಡು ಇದ್ದಿಲು ಇಡುತ್ತಿದ್ದರು. ನಾನೂ ಇಡುತ್ತೇನೆ, ಅಜ್ಜಿಯ ನೆನಪಿಗೆ. ಕೋಳಿಯನ್ನು ಹೊಸ ಬುಟ್ಟಿಗೆ ಕೂರಿಸುವುದು ಕತ್ತಲಾದ ಮೇಲೆ. ಹಗಲಲ್ಲಿ ಜಾಗ ಬದಲಿಸಿದರೆ ಎದ್ದು ಹಳೇ ಜಾಗಕ್ಕೇ ಓಡುತ್ತದೆ.

ಅಲ್ಲಿಂದ 21 ದಿನ. ದಿನಕ್ಕೊಮ್ಮೆ ಎದ್ದು ಹೋಗಿ ತಿಂದು, ಕುಡಿದು, ಧೂಳಾಡಿ ಹದಿನೈದು ಇಪ್ಪತ್ತು ನಿಮಿಷಕ್ಕೆ ವಾಪಸ್ ಬರುತ್ತದೆ. ಆಗ ಹಾಕುವ ಹಿಕ್ಕೆ ದೊಡ್ಡ ಮುದ್ದೆಯಂತಿರುತ್ತದೆ, ವಾಸನೆ ತಡೆಯಲಾಗುವುದಿಲ್ಲ. ಗಾಬರಿ ಬೇಡ, ಕಾವು ಕೋಳಿಯ ಹಿಕ್ಕೆ ಹಾಗೇ. ಕೆಲವು ಹೇಂಟೆ ಏಳುವುದೇ ಇಲ್ಲ. ಅವನ್ನು ನೀವೇ ಎತ್ತಿ ನೀರಿನ ಹತ್ತಿರ ಬಿಡಬೇಕು. ಎತ್ತುವಾಗ ರೆಕ್ಕೆ ಕೆಳಗೆ ಕೈ ಆಡಿಸಿ ನೋಡಿ, ಅಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ. ನನ್ನ ಕೈಯಿಂದ ಹಾಗೆ ಎರಡು ಬಿದ್ದು ಒಡೆದಿವೆ.

ಏಳನೇ ರಾತ್ರಿ ಟಾರ್ಚ್ ಬಾಯಿಗೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಒಳಗೆ ಜೇಡರ ಬಲೆಯಂತೆ ಕೆಂಪು ಎಳೆಗಳು, ಮಧ್ಯೆ ಒಂದು ಕಪ್ಪು ಚುಕ್ಕೆ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿದ್ದರೆ ಇಲ್ಲ, ತೆಗೆದುಬಿಡಿ. ಹದಿನೆಂಟನೇ ದಿನದಿಂದ ಮಾತ್ರ ಏನನ್ನೂ ಮುಟ್ಟಬೇಡಿ. ಇಪ್ಪತ್ತನೇ ರಾತ್ರಿ ಬುಟ್ಟಿ ಹತ್ತಿರ ಕಿವಿ ಇಟ್ಟರೆ ಚಿಪ್ಪಿನ ಒಳಗಿಂದಲೇ "ಚಿಂವ್ ಚಿಂವ್" ಕೇಳುತ್ತದೆ. ತಾಯಿ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತದೆ. ಮರಿ ಇನ್ನೂ ಹೊರಗೆ ಬಂದಿಲ್ಲ, ಆಗಲೇ ಮಾತುಕತೆ ಶುರು.

ಚಿಪ್ಪು ಒಡೆಯಲು ನೀವು ಸಹಾಯ ಮಾಡಬೇಡಿ. ತೂತು ಬಿದ್ದ ಮೇಲೂ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಆತುರಕ್ಕೆ ಬಿಡಿಸಿದರೆ ರಕ್ತನಾಳ ಕಿತ್ತು ಮರಿ ಸಾಯುತ್ತದೆ.

ಮರಿ ಬೇಡದ ಸಮಯದಲ್ಲಿ ಕಾವು ಬಿಡಿಸಲು ಮೂಗಿಗೆ ಪುಕ್ಕ ಚುಚ್ಚುವುದು, ನೀರಿನಲ್ಲಿ ಮುಳುಗಿಸುವುದು ಇನ್ನೂ ಇದೆ. ಅದು ಹಿಂಸೆ, ದಯವಿಟ್ಟು ಮಾಡಬೇಡಿ. ತಳಕ್ಕೂ ಗಾಳಿಯಾಡುವ ಜಾಲರಿ ಪಂಜರದಲ್ಲಿ, ಹುಲ್ಲು ಹಾಕದೆ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆ ತಣ್ಣಗಾಗಿ ತಾನೇ ಬಿಡುತ್ತದೆ.

ಮರಿಗಳ ಮೊದಲ ತಿಂಗಳು

ಹುಟ್ಟಿದ ಮೊದಲ ದಿನ ಮೇವು ಬೇಕಿಲ್ಲ. ಹೊಟ್ಟೆಯೊಳಗೆ ಉಳಿದ ಹಳದಿಯೇ ಸಾಕು. ಎರಡನೇ ದಿನದಿಂದ ಸಣ್ಣ ನುಚ್ಚು, ರಾಗಿ, ಸಿಕ್ಕರೆ ಮರಿ ಮೇವು. ನೀರನ್ನು ತೀರಾ ಆಳವಿಲ್ಲದ ತಟ್ಟೆಯಲ್ಲಿ, ನಡುವೆ ಬೆಣಚು ಕಲ್ಲು ಹಾಕಿ ಇಡಿ. ಒಂದು ಇಂಚು ನೀರಿನಲ್ಲೂ ಮರಿ ಮುಳುಗುತ್ತದೆ. ದನದ ತೊಟ್ಟಿ, ಬಕೆಟ್ಟು ಮುಚ್ಚಿಡಿ.

ಕೋಳಿ ತುಳಿದು ಮರಿ ಸಾಯುತ್ತಾ ಅಂತ ಗಾದೆ ಇದೆ. ಬಯಲಲ್ಲಿ ನಿಜ. ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ತಾಯಿಗೆ ಕಾಲಿಡಲು ಜಾಗವಿಲ್ಲದೆ ತುಳಿದೇ ಸಾಯುತ್ತದೆ. ಮೊದಲ ಹತ್ತು ದಿನ ತಾಯಿ ಮರಿಗಳನ್ನು ದೊಡ್ಡ ಬಿದಿರಿನ ಕುಕ್ಕೆ ಕೆಳಗೆ ಬಿಡಿ. ಗಾಳಿ ಬೆಳಕು ಇರುತ್ತದೆ, ಕಾಗೆ ಕಾಟ ಇರುವುದಿಲ್ಲ.

ತಾಯಿ ಇಲ್ಲದೆ ಬರೀ ಮರಿ ತಂದಿದ್ದರೆ ನೀವೇ ಕಾವು ಕೊಡಬೇಕು. ರಟ್ಟು ಅಥವಾ ತಗಡನ್ನು ದುಂಡಗೆ ಸುತ್ತಿ ಕಟ್ಟಿ. ಮೂಲೆ ಇದ್ದರೆ ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟುತ್ತವೆ. ಮೂವತ್ತು ಮರಿಗೆ ಅರವತ್ತು ವಾಟ್‌ನ ಹಳೇ ಮಾದರಿ ಬಲ್ಬು. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಕಿರುಚಿದರೆ ಚಳಿ. ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ. ಹರಡಿಕೊಂಡು ಮಲಗಿದ್ದರೆ ಸರಿಯಾಗಿದೆ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡಿ.

ಮೂರು ವಾರ ಕಳೆದ ಮೇಲೆ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ. ಒದ್ದೆ ಹಾಸಿನಿಂದ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಇದಕ್ಕೆ ಔಷಧಿ ಇದೆ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಹಾಸು ಪೂರ್ತಿ ಬದಲಿಸಿ.

ಒಂದು ಸಣ್ಣ ಸಂಗತಿ. ಹೋದ ಮಳೆಗಾಲದಲ್ಲಿ ಒಂದು ಮರಿ ಕುಂಟುತ್ತಿತ್ತು. ಮುಳ್ಳು ಅಂದುಕೊಂಡು ಎತ್ತಿ ನೋಡಿದರೆ ಮುಳ್ಳಿಲ್ಲ. ನಡು ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಸಿಲಿಗೆ ಹಿಡಿದಾಗ ಕಂಡಿತು, ತಲೆಕೂದಲು. ಬಾಚಿ ಹಿತ್ತಲಿಗೆ ಎಸೆದ ಕೂದಲು ಬೆರಳಿಗೆ ನಾಲ್ಕು ಸುತ್ತು ಬಿಗಿದು ಚರ್ಮದೊಳಗೆ ಇಳಿದಿತ್ತು. ಮಗಳು ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡಳು. ನಾನು ಸೂಜಿ ತುದಿಯಿಂದ ಎಳೆ ಎತ್ತಿ ಬ್ಲೇಡಿನಿಂದ ಒಂದೊಂದೇ ಸುತ್ತು ಕತ್ತರಿಸಿದೆ. ಅರಿಶಿನ ಹಚ್ಚಿ ಬಿಟ್ಟೆವು. ನಾಲ್ಕು ದಿನಕ್ಕೆ ಊತ ಇಳಿಯಿತು. ಇನ್ನೆರಡು ದಿನ ಬಿಟ್ಟಿದ್ದರೆ ಬೆರಳೇ ಉದುರುತ್ತಿತ್ತು. ಕೂದಲು, ದಾರ, ಗೋಣಿ ಚೀಲದ ನೂಲು ಹಿತ್ತಲಲ್ಲಿ ಬೀಳದ ಹಾಗೆ ನೋಡಿಕೊಳ್ಳಿ.

ಹೊಂಚು ಹಾಕುವವರು

ಯಾರು ಬಂದಿದ್ದರು ಅಂತ ಗುರುತು ನೋಡಿ ತಿಳಿಯಬಹುದು. ಹಗಲಲ್ಲಿ ಒಂದೇ ಮರಿ ಸದ್ದಿಲ್ಲದೆ ಮಾಯವಾದರೆ ಹದ್ದು, ಗಿಡುಗ ಅಥವಾ ಕಾಗೆ. ಬೇಲಿ ಸಂದಿಯಿಂದ ಎಳೆದ ಗುರುತು, ಕತ್ತಿಗೆ ಕಚ್ಚಿದ್ದರೆ ಮುಂಗುಸಿ. ರಾತ್ರಿ ಗೂಡಿಗೆ ನುಗ್ಗಿ ನಾಲ್ಕೈದು ಕೊಂದು ಒಂದನ್ನಷ್ಟೇ ತಿಂದಿದ್ದರೆ ಪುನುಗು ಬೆಕ್ಕು ಇರಬಹುದು. ಮೊಟ್ಟೆ ಚಿಪ್ಪಿನ ಚೂರೂ ಇಲ್ಲದೆ ಕಾಣೆಯಾಗಿದ್ದರೆ ಹಾವು. ಮೊಟ್ಟೆ ಬುಟ್ಟಿಗೆ ಕತ್ತಲಲ್ಲಿ ಕೈ ಹಾಕಬೇಡಿ, ಬೆಳಕು ಬಿಟ್ಟು ನೋಡಿ ಆಮೇಲೆ ಕೈ ಹಾಕಿ.

ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೆ ವಿಷ ಇಡುವುದು, ಉರುಳು ಹಾಕುವುದು ಬೇಡ. ಮುಂಗುಸಿ, ಪುನುಗು, ಹದ್ದು, ಹಾವು ಎಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಇಟ್ಟ ವಿಷವನ್ನು ಮನೆ ನಾಯಿಯೂ ತಿನ್ನುತ್ತದೆ, ಕೋಳಿಯೂ ತಿನ್ನುತ್ತದೆ. ಗೂಡಿನ ಸಂದಿ ಮುಚ್ಚಿ. ಮರಿ ಮೇಯುವ ಜಾಗದ ಮೇಲೆ ಹಳೇ ಸೀರೆಯನ್ನೋ ಮೀನಿನ ಬಲೆಯನ್ನೋ ಕಟ್ಟಿ. ಓಡಿ ಅಡಗಲು ಅಲ್ಲಲ್ಲಿ ಪೊದೆ ಇರಲಿ, ಬೋರಲು ಬುಟ್ಟಿ ಇರಲಿ.

ಬೇಸಿಗೆ

ಕೋಳಿಗೆ ಬೆವರುವುದಿಲ್ಲ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ನಿಂತರೆ ಸೆಕೆ ತಡೆಯುತ್ತಿಲ್ಲ ಅಂತ. ಮಡಕೆಯ ತಣ್ಣೀರು ನಾಲ್ಕು ಕಡೆ ಇಡಿ, ನೀರು ಮಜ್ಜಿಗೆ ಕೊಡಿ, ಗೂಡಿನ ಮೇಲೆ ಸೋಗೆ ಹೊದಿಸಿ. ಕಾಳನ್ನು ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಹಾಕಿ. ಕುಸಿದು ಬಿದ್ದ ಕೋಳಿಯ ಕಾಲನ್ನು ತಣ್ಣೀರಿನಲ್ಲಿ ಅದ್ದಿ ನೆರಳಲ್ಲಿ ಇಡಿ, ಮೈ ಪೂರ್ತಿ ಮುಳುಗಿಸಬೇಡಿ.

ಎಣಿಕೆ ತಪ್ಪಿದ ಸಂಜೆ

ಒಂದು ಕಮ್ಮಿ ಬಂದರೆ ಮೊದಲು ಯಾವುದು ಅಂತ ಗುರುತಿಸಿ. ಮರಿ ವಯಸ್ಸಿನದಾದರೆ ಮರದ ಮೇಲೆ ನೋಡಿ. ನುಗ್ಗೆ, ಸೀಬೆ ಕೊಂಬೆಯಲ್ಲಿ ಕೂತಿರುತ್ತದೆ. ಕತ್ತಲಾದ ಮೇಲೆ ಅದಕ್ಕೆ ಕಣ್ಣು ಕಾಣುವುದಿಲ್ಲ, ಕೈ ಚಾಚಿ ಎತ್ತಿಕೊಂಡು ಬಂದರೆ ಸುಮ್ನೆ ಇರುತ್ತದೆ. ಆಮೇಲೆ ಬಾವಿ, ತೊಟ್ಟಿ. ಆಮೇಲೆ ಬೇಲಿ ಸಂದಿ. ಪುಕ್ಕ ಚೆಲ್ಲಿದ್ದರೆ ಕಥೆ ಮುಗಿದಿದೆ. ಪುಕ್ಕ ಎಲ್ಲೂ ಇಲ್ಲದಿದ್ದರೆ ಆಸೆ ಬಿಡಬೇಡಿ.

ಎರಡು ವರ್ಷದ ಹಿಂದೆ ಬೂದು ಬಣ್ಣದ ಒಂದು ಹೇಂಟೆ ಹೀಗೇ ಕಾಣೆಯಾಯಿತು. ಪುಕ್ಕ ಇಲ್ಲ, ರಕ್ತ ಇಲ್ಲ. ಒಂದು ವಾರ ಹುಡುಕಿ ಬಿಟ್ಟೆವು. ಹದಿನೆಂಟು ದಿನ ಆದ ಮೇಲೆ ಮಧ್ಯಾಹ್ನ ನೀರಿನ ತಟ್ಟೆ ಹತ್ತಿರ ಆತುರಾತುರವಾಗಿ ಕುಡಿಯುತ್ತಾ ನಿಂತಿತ್ತು. ಮೈ ಒಣಗಿ ಹೋಗಿತ್ತು, ಜುಟ್ಟು ಬಿಳಿಚಿತ್ತು. ಅಮ್ಮ ಬಾಯಿ ಮೇಲೆ ಬೆರಳಿಟ್ಟು "ಓಡಿಸಬೇಡ, ಹಿಂದೆ ಹೋಗಿ ನೋಡು" ಅಂದರು. ದೂರದಿಂದ ಹಿಂಬಾಲಿಸಿದೆ. ಒಣ ತೆಂಗಿನ ಗರಿಗಳ ರಾಶಿಯ ಅಡಿಗೆ ನುಸುಳಿತು. ಬಗ್ಗಿ ನೋಡಿದರೆ ಕತ್ತಲಲ್ಲಿ ಎರಡು ಕಣ್ಣು, "ಕೊರ್‌ರ್".

ಹೀಗೆ ಸಿಕ್ಕರೆ ಅಲ್ಲಿಂದ ಎತ್ತಬೇಡಿ. ಆ ಹೊತ್ತಿಗೆ ಜಾಗ ಬದಲಿಸಿದರೆ ಮೊಟ್ಟೆ ಬಿಟ್ಟು ಏಳುತ್ತದೆ. ಒಂದು ಬಟ್ಟಲು ನೀರು, ಒಂದು ಹಿಡಿ ರಾಗಿಯನ್ನು ನಾಲ್ಕಡಿ ದೂರದಲ್ಲಿ ಇಡಿ. ತೀರಾ ಹತ್ತಿರ ಇಟ್ಟರೆ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಸುತ್ತ ಜಾಲರಿ ನಿಲ್ಲಿಸಿ, ರಾತ್ರಿ ಮೇಲೂ ಮುಚ್ಚಿ. ಮರಿಗಳು ಪೂರ್ತಿ ಹೊರಬಂದು ಮೈ ಒಣಗಿದ ಮೇಲೆ, ಕತ್ತಲಲ್ಲಿ ಮೊದಲು ಮರಿಗಳನ್ನು ಬುಟ್ಟಿಗೆ ಹಾಕಿ, ಹಿಂದೆಯೇ ತಾಯಿಯನ್ನು ಎತ್ತಿ ಅವುಗಳ ಮೇಲೆ ಕೂರಿಸಿ ಗೂಡಿಗೆ ತನ್ನಿ. ಬೂದು ಹೇಂಟೆ ಒಂಬತ್ತು ಮರಿ ಮಾಡಿತ್ತು. ಅವತ್ತು ಸಂಜೆ ಅಮ್ಮ ಎರಡು ಸಲ ಎಣಿಸಿದರು.